ಲೈಕ್ 1,900, ಆರ್ಡರ್ ಮೂರು: ಲಿಂಕ್ಡ್‌ಇನ್‌ನಲ್ಲಿ ಬರೆದರೆ ತೋಟದ ಕಾಫಿಗೆ ಗಿರಾಕಿ ಸಿಗುತ್ತಾರಾ?

ಓದುಗರ ಪ್ರಶ್ನೆ:

"ಮೇಡಂ, ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು 12 ಎಕರೆ ಕಾಫಿ ತೋಟ. ಬೆಂಗಳೂರಿನಲ್ಲಿ 7 ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಹೋದ ವರ್ಷ ಊರಿಗೆ ವಾಪಸ್ ಬಂದೆ. ವರ್ಷಕ್ಕೆ ಎರಡೂವರೆ ಟನ್‌ನಷ್ಟು ಕ್ಲೀನ್ ಕಾಫಿ (ಸಿಪ್ಪೆ ತೆಗೆದು ಹುರಿಯಲು ಸಿದ್ಧವಾದ ಬೀಜ) ಆಗುತ್ತದೆ. ಎಲ್ಲವನ್ನೂ ವ್ಯಾಪಾರಿಗೆ ಹಾಕುವ ಬದಲು ನಾವೇ ಹುರಿಸಿ ಬೆಂಗಳೂರಿನ ಆಫೀಸುಗಳಿಗೆ, ಕೆಫೆಗಳಿಗೆ ಕೊಡೋಣ ಅಂತ ಆಸೆ. ಅದಕ್ಕೇ 5 ತಿಂಗಳಿಂದ ಲಿಂಕ್ಡ್‌ಇನ್‌ನಲ್ಲಿ ಬರೆಯುತ್ತಿದ್ದೇನೆ. 80ಕ್ಕೂ ಜಾಸ್ತಿ ಪೋಸ್ಟ್ ಆಯಿತು. ಕೆಲಸ ಬಿಟ್ಟು ತೋಟಕ್ಕೆ ಬಂದ ಕಥೆಗೆ 1,900 ಲೈಕ್ ಬಂತು. ಆದರೆ ಆರ್ಡರ್ ಬಂದದ್ದು ಮೂರೇ. ಮೂರೂ ಹಳೆಯ ಸಹೋದ್ಯೋಗಿಗಳದ್ದು, ಕಾಲು ಕೆಜಿ ಪ್ಯಾಕೆಟ್. ದಿನಾ ಪೋಸ್ಟ್ ಹಾಕಿದರೆ ಮಾತ್ರ ಆಗುತ್ತದೆ ಅಂತಾರೆ ಕೆಲವರು. ಒಂದು ಏಜೆನ್ಸಿಯವರು ತಿಂಗಳಿಗೆ 30,000 ರೂಪಾಯಿ ಕೊಟ್ಟರೆ 60 ಲೀಡ್ (ಕೊಳ್ಳುವ ಆಸಕ್ತಿ ಇರುವವರು) ಗ್ಯಾರಂಟಿ, 6 ತಿಂಗಳ ಒಪ್ಪಂದ ಅಂತಿದ್ದಾರೆ. ಅಪ್ಪ ‘ಗೇಟಿಗೇ ಬಂದು ತಗೊಂಡು ಹೋಗೋ ವ್ಯಾಪಾರಿ ಇರುವಾಗ ನಿನಗ್ಯಾಕೆ ಈ ಉಸಾಬರಿ’ ಅಂತಾರೆ. ನಾನು ಬರೆಯುವುದು ಸರಿಯಿಲ್ಲವಾ, ಇಲ್ಲ ಜಾಗವೇ ಸರಿಯಿಲ್ಲವಾ? ಕನ್ನಡದಲ್ಲಿ ಬರೆಯಲಾ, ಇಂಗ್ಲಿಷ್‌ನಲ್ಲೇ ಮುಂದುವರಿಸಲಾ?"

ಉತ್ತರ:

ನಿಮ್ಮ ಪತ್ರದ ಜೊತೆ ಬಂದ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ಒಂದೊಂದಾಗಿ ನೋಡಿದೆ. 5 ತಿಂಗಳು ಬಿಡದೆ ಬರೆದೂ ಮಾರಾಟ ಆಗದಿದ್ದರೆ ಯಾರಿಗಾದರೂ ಧೈರ್ಯ ಕುಗ್ಗುತ್ತದೆ. ನಿಮ್ಮ ಬರವಣಿಗೆ ಚೆನ್ನಾಗಿದೆ, ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಜಾಗವೂ ಸರಿಯಾಗಿಯೇ ಇದೆ. ಬೆಂಗಳೂರಿನ ಆಫೀಸುಗಳಲ್ಲಿ ಕಾಫಿ ಖರೀದಿ ನೋಡಿಕೊಳ್ಳುವ ಎಷ್ಟೋ ಜನ ಅಲ್ಲಿ ಇದ್ದಾರೆ. ತೊಂದರೆ ಇರುವುದು ನೀವು ಯಾರನ್ನು ಎದುರಿಗೆ ಕೂರಿಸಿಕೊಂಡು ಬರೆಯುತ್ತಿದ್ದೀರಿ ಅನ್ನುವುದರಲ್ಲಿ.

1,900 ಲೈಕ್ ಬಂದ ಆ ಪೋಸ್ಟ್‌ನ ಕಾಮೆಂಟುಗಳನ್ನೇ ತಗೊಳ್ಳಿ. ನೀವು ಕಳಿಸಿದ ಮೊದಲ 100 ಕಾಮೆಂಟುಗಳಲ್ಲಿ ಬರೆದವರು ಏನು ಕೆಲಸದವರು ಅಂತ ನೋಡುತ್ತಾ ಹೋದೆ. ಮುಕ್ಕಾಲು ಪಾಲು ಸಾಫ್ಟ್‌ವೇರಿನವರು. ತಾವೂ ಒಂದು ದಿನ ಕೆಲಸ ಬಿಟ್ಟು ಊರಿಗೆ ಹೋಗಬೇಕು ಅಂದುಕೊಂಡವರು. ಹತ್ತಿಪ್ಪತ್ತು ಜನ ಸಕಲೇಶಪುರ, ಚಿಕ್ಕಮಗಳೂರು, ನಮ್ಮ ಕೊಡಗಿನ ಬೆಳೆಗಾರರು. ಅವರ ಮನೆಯಲ್ಲೂ ಕಾಫಿ ಇದೆ, ಅವರು ನಿಮ್ಮಿಂದ ಯಾಕೆ ಕೊಳ್ಳುತ್ತಾರೆ? ಕಾಫಿ ಖರೀದಿಗೆ ಸಂಬಂಧಪಟ್ಟವರು ಇಬ್ಬರು.

ಆ ಇಬ್ಬರಲ್ಲಿ ಒಬ್ಬರು ಕಂಪನಿಯೊಂದರ ಅಡ್ಮಿನ್ ಮ್ಯಾನೇಜರ್. ‘ಈ ಬೀನ್ಸ್ ಆಫೀಸ್ ಮೆಷಿನ್‌ಗೆ ಆಗುತ್ತಾ? ತಿಂಗಳಿಗೆ ಎಷ್ಟು ಕೊಡಬಹುದು?’ ಅಂತ ಕೇಳಿದ್ದಾರೆ. ಮೇಲೆ ಕೆಳಗೆ ‘ಸೂಪರ್’, ‘ಅಭಿನಂದನೆಗಳು’, ಚಪ್ಪಾಳೆ. ನೀವು 9 ದಿನ ಬಿಟ್ಟು ಆ ಕಾಮೆಂಟಿಗೆ ಹಾರ್ಟ್ ಒತ್ತಿ, ‘ಥ್ಯಾಂಕ್ಯೂ ಸರ್, ನಮ್ಮ ಪೇಜ್ ಫಾಲೋ ಮಾಡಿ’ ಅಂತ ಬರೆದಿದ್ದೀರಿ.

ಅದನ್ನು ಓದಿ ನನಗೆ ಸಂಕಟ ಆಯಿತು. ಲೀಡ್ ಅಂದರೆ ಇದೇ. ಬಂದಿತ್ತು, ನಿಮ್ಮ ಕಣ್ಣಿಗೆ ಬೀಳಲಿಲ್ಲ. ಮೆಚ್ಚುಗೆಯ ರಾಶಿಯಲ್ಲಿ ಮುಚ್ಚಿಹೋಯಿತು.

ಹೀಗೆ ಯಾಕಾಗುತ್ತದೆ ಅಂದರೆ, ನೀವು ಹಾಕಿದ ಪೋಸ್ಟ್ ಮೊದಲು ನಿಮ್ಮ ಪರಿಚಯದವರಲ್ಲಿ ಕೆಲವರಿಗೆ ಕಾಣುತ್ತದೆ. ಅವರು ನಿಂತು ಓದಿದರೆ, ಕಾಮೆಂಟ್ ಮಾಡಿದರೆ ಅವರ ಪರಿಚಯದವರಿಗೂ ಹೋಗುತ್ತದೆ. 7 ವರ್ಷದಲ್ಲಿ ನೀವು ಕೂಡಿಸಿಕೊಂಡವರು ಎಲ್ಲ ಸಾಫ್ಟ್‌ವೇರಿನವರು. ಅವರ ಸ್ನೇಹಿತರೂ ಅದೇ. ಹಾಗಾಗಿ ನಿಮ್ಮ ಪೋಸ್ಟ್ ಅದೇ ಕೇರಿಯಲ್ಲಿ ಸುತ್ತುತ್ತಿದೆ. ಎಷ್ಟು ಚೆನ್ನಾಗಿ ಬರೆದರೂ, ದಿನಕ್ಕೆ ಎರಡು ಸಲ ಬರೆದರೂ, ಕಾಫಿ ಕೊಳ್ಳುವವರು ಇರುವ ಕೇರಿಗೆ ಅದು ತಾನಾಗಿ ಹೋಗುವುದು ಕಷ್ಟ. ಆ ಕೇರಿಯವರನ್ನು ನೀವೇ ಒಬ್ಬೊಬ್ಬರಾಗಿ ಪರಿಚಯ ಮಾಡಿಕೊಳ್ಳಬೇಕು.

ಎಷ್ಟು ಜನ ಬೇಕು? ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ಚಿಂತೆಯ ಮುಕ್ಕಾಲು ಪಾಲು ಇದರಲ್ಲೇ ಇಳಿಯುತ್ತದೆ ಅಂತ ನನ್ನ ನಂಬಿಕೆ.

ನಿಮ್ಮಲ್ಲಿ 2,500 ಕೆಜಿ ಕ್ಲೀನ್ ಕಾಫಿ. ಹುರಿದರೆ ತೂಕ ಇಳಿಯುತ್ತದೆ. ಮೀಡಿಯಂ ರೋಸ್ಟ್‌ಗೆ ಶೇ. 16 ಅಂತ ಹಿಡಿದರೆ ಉಳಿಯುವುದು 2,100 ಕೆಜಿ. ತಿಂಗಳಿಗೆ 175. ಈಗ ಆಫೀಸಿನ ಕಡೆಯಿಂದ ನೋಡಿ. 80 ಜನ ಇರುವ ಆಫೀಸು, ದಿನಕ್ಕೆ ತಲಾ 2 ಕಪ್, ಕಪ್ಪಿಗೆ 10 ಗ್ರಾಂ ಬೀನ್ಸ್. ದಿನಕ್ಕೆ 1.6 ಕೆಜಿ ಆಯಿತು. ತಿಂಗಳಿಗೆ 22 ದಿನ ಕೆಲಸ ಅಂದರೆ ಸುಮಾರು 35 ಕೆಜಿ. 175 ಅನ್ನು 35ರಿಂದ ಭಾಗಿಸಿ. ಐದು.

ಐದು ಆಫೀಸು ಸಿಕ್ಕರೆ ನಿಮ್ಮ ತೋಟದ ಕಾಫಿ ಪೂರ್ತಿ ಖಾಲಿ. ಆರನೆಯವರು ಬಂದರೆ ಕೊಡಲು ನಿಮ್ಮ ಹತ್ತಿರ ಮಾಲೇ ಇಲ್ಲ. ಹಾಗಿರುವಾಗ ಸಾವಿರಾರು ಲೈಕ್ ತಗೊಂಡು ಏನು ಮಾಡುತ್ತೀರಿ? 60 ಲೀಡ್ ತಿಂಗಳಿಗೆ ಬಂದರೂ ಏನು ಮಾಡುತ್ತೀರಿ? ನಿಮಗೆ ಬೇಕಾಗಿರುವುದು ಸರಿಯಾದ 100 ಜನರಿಗೆ ನಿಮ್ಮ ಹೆಸರು, ನಿಮ್ಮ ಕಾಫಿ ಗೊತ್ತಾಗುವುದು. ಅದರಲ್ಲಿ ಐವರು ಕೊಂಡರೆ ಸಾಕು.

ಈ ನೂರು ಜನ ಯಾರು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಎಚ್‌ಆರ್‌ನವರಿಗೆ ಬರೆಯುತ್ತಾರೆ, ಕಂಪನಿ ಸ್ಥಾಪಕರಿಗೆ ಬರೆಯುತ್ತಾರೆ. ಆಫೀಸಿನಲ್ಲಿ ಕಾಫಿ ನೋಡಿಕೊಳ್ಳುವುದು ಸಾಮಾನ್ಯವಾಗಿ ಅಡ್ಮಿನ್, ಫೆಸಿಲಿಟಿ ಅಥವಾ ಖರೀದಿ ವಿಭಾಗದವರು. ಇನ್ನೂ ಒಂದು ವಿಷಯ ಇದೆ. ಎಷ್ಟೋ ಆಫೀಸುಗಳಲ್ಲಿ ಕಾಫಿ ಮೆಷಿನ್ ಆಫೀಸಿನದ್ದೇ ಆಗಿರುವುದಿಲ್ಲ. ವೆಂಡಿಂಗ್ ಕಂಪನಿಯವರು ಮೆಷಿನ್ ಇಟ್ಟು, ಬೀನ್ಸ್ ತಮ್ಮಿಂದಲೇ ಕೊಳ್ಳಬೇಕು ಅಂತ ಒಪ್ಪಂದ ಮಾಡಿಕೊಂಡಿರುತ್ತಾರೆ. ಅಂಥ ಕಡೆ ಅಡ್ಮಿನ್ ಮ್ಯಾನೇಜರ್‌ಗೆ ನಿಮ್ಮ ಕಾಫಿ ಎಷ್ಟು ಇಷ್ಟವಾದರೂ ಕೈ ಕಟ್ಟಿಹಾಕಿದ ಹಾಗೆ. ಅದಕ್ಕೆ ಮೊದಲ ಮಾತಲ್ಲೇ ‘ಮೆಷಿನ್ ನಿಮ್ಮದಾ, ಬಾಡಿಗೆಯದ್ದಾ’ ಅಂತ ಕೇಳಿಬಿಡಿ. ಬಾಡಿಗೆಯದ್ದಾದರೆ ಆ ವೆಂಡಿಂಗ್‌ನವರನ್ನೇ ಪರಿಚಯ ಮಾಡಿಕೊಳ್ಳಿ. ಬೆಲೆ ಸ್ವಲ್ಪ ಕಡಿಮೆ ಕೇಳುತ್ತಾರೆ, ಆದರೆ ಒಬ್ಬರೇ ನಿಮ್ಮ ಅರ್ಧ ಮಾಲು ಎತ್ತಬಹುದು. ಅರ್ಧ ಮಾಲು ಒಬ್ಬರ ಕೈಯಲ್ಲಿ ಇದ್ದರೆ, ಅವರು ಬಿಟ್ಟ ದಿನ ಕಷ್ಟ ಅನ್ನುವುದೂ ನೆನಪಿರಲಿ.

ಕೆಫೆಗಳ ಲೆಕ್ಕ ಬೇರೆ. ಅಲ್ಲಿ ಮಾಲೀಕರೋ ಹುರಿಯುವವರೋ ನೇರವಾಗಿ ರುಚಿ ನೋಡುತ್ತಾರೆ. ಹಲವರು ಹುರಿದ ಬೀನ್ಸ್ ಕೊಳ್ಳುವುದೇ ಇಲ್ಲ, ಹಸಿ ಬೀನ್ಸ್ ತಗೊಂಡು ತಾವೇ ಹುರಿಯುತ್ತಾರೆ. ನಿಮ್ಮಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ಚೆನ್ನಾಗಿದ್ದರೆ ಅದೂ ಒಂದು ದಾರಿ.

ಇನ್ನು ಬರೆಯುವ ವಿಷಯ. ‘ನಮ್ಮ ತೋಟದ ಮಂಜು’, ‘ಅಜ್ಜನ ಕಾಲದ ಕಣ’, ‘ಹೂಮಳೆ ಬಿದ್ದ ಬೆಳಗ್ಗೆ’. ಇವೆಲ್ಲ ಓದಲು ನನಗೂ ಇಷ್ಟ. ತಿಂಗಳಿಗೆ ಒಂದು ಇರಲಿ. ಆದರೆ ಫೆಸಿಲಿಟಿ ಮ್ಯಾನೇಜರ್ ಒಬ್ಬರ ಬೆಳಗ್ಗೆ ಹೇಗಿರುತ್ತದೆ ಅಂತ ಯೋಚಿಸಿ. ಮೂರನೇ ಮಹಡಿಯ ಮೆಷಿನ್ ಕಟ್ಟಿಕೊಂಡಿದೆ, ಫೋನ್ ಮೇಲೆ ಫೋನ್. ಈಗ ನೀವು ಹೀಗೆ ಬರೆದರೆ:

‘ನಿಮ್ಮ ಆಫೀಸಿನ ಕಾಫಿ ಮೆಷಿನ್ ಪದೇ ಪದೇ ಕಟ್ಟಿಕೊಳ್ಳುತ್ತಿದೆಯಾ? ಸರ್ವಿಸ್‌ನವರನ್ನು ಕರೆಯುವ ಮುಂಚೆ ಒಂದು ಹಿಡಿ ಬೀನ್ಸ್ ಕೈಯಲ್ಲಿ ತಗೊಂಡು ನೋಡಿ. ಬೀನ್ಸ್ ಹೊಳೆಯುತ್ತಾ ಕೈಗೆ ಎಣ್ಣೆ ಅಂಟಿದರೆ, ಅದು ಜಾಸ್ತಿ ಹುರಿದ ಕಾಫಿ. ಆ ಎಣ್ಣೆ ಡಬ್ಬಿಗೂ ಗ್ರೈಂಡರ್‌ಗೂ ಅಂಟಿ ಬೀನ್ಸ್ ಕೆಳಗೆ ಇಳಿಯುವುದಿಲ್ಲ. ಮೀಡಿಯಂ ರೋಸ್ಟ್ ಕೇಳಿ ನೋಡಿ.’

ಇದರಲ್ಲಿ ನಿಮ್ಮ ಕಾಫಿ ಕೊಳ್ಳಿ ಅಂತ ಒಂದು ಮಾತೂ ಇಲ್ಲ. 1,900 ಲೈಕ್ ಖಂಡಿತ ಬರುವುದಿಲ್ಲ. ಮೂವತ್ತು ಬಂದರೆ ಹೆಚ್ಚು. ಆದರೆ ಆ ಮೂವತ್ತರಲ್ಲಿ ನಾಲ್ಕು ಜನ ನಾಳೆ ಬೆಳಗ್ಗೆ ತಮ್ಮ ಮೆಷಿನ್ ಮುಚ್ಚಳ ತೆಗೆದು ನೋಡುತ್ತಾರೆ. ಅವರಿಗೆ ನಿಮ್ಮ ಹೆಸರು ನೆನಪಿರುತ್ತದೆ. ಇಂಥದ್ದು ನಿಮ್ಮ ಹತ್ತಿರ ಬೇಕಾದಷ್ಟಿದೆ. ಶುಕ್ರವಾರ ಸಂಜೆ ಮೆಷಿನ್‌ನಲ್ಲೇ ಬಿಟ್ಟ ಬೀನ್ಸ್ ಸೋಮವಾರ ಯಾಕೆ ಸಪ್ಪೆ ಆಗುತ್ತದೆ? ಪ್ಯಾಕೆಟ್ ಮೇಲೆ ಹುರಿದ ದಿನಾಂಕ ಯಾಕೆ ನೋಡಬೇಕು? ಕೆಜಿಗೆ 900 ರೂಪಾಯಿ ಅಂದರೆ ದುಬಾರಿ ಅನ್ನಿಸುತ್ತದೆ, ಕಪ್ಪಿಗೆ ಲೆಕ್ಕ ಹಾಕಿದರೆ 9 ರೂಪಾಯಿ. ಅರೇಬಿಕಾಗೆ ಎಷ್ಟು ಪಾಲು ರೋಬಸ್ಟಾ ಸೇರಿಸಿದರೆ ಹಾಲು ಹಾಕಿದ ಮೇಲೂ ಕಾಫಿ ರುಚಿ ನಿಲ್ಲುತ್ತದೆ? ನಿಮಗೆ ಇದೆಲ್ಲ ಮನೆಮಾತು. ಬೆಂಗಳೂರಿನಲ್ಲಿ ಕೂತು ಖರೀದಿ ಮಾಡುವವರಿಗೆ ಹೊಸದು.

ನಿಮ್ಮ ಹೆಸರಿನ ಕೆಳಗಿನ ಸಾಲನ್ನೂ ಬದಲಾಯಿಸಿ. ಈಗ ಅಲ್ಲಿ ‘ಬೆಳೆಗಾರ್ತಿ, ಕನಸುಗಾರ್ತಿ, ಮಾಜಿ ಎಂಜಿನಿಯರ್’ ಅಂತ ಇದೆ. ಅಲ್ಲಿ 220 ಅಕ್ಷರಕ್ಕೆ ಜಾಗ ಇದೆ. ‘ಕೊಡಗಿನ ನಮ್ಮದೇ ತೋಟದ ಹುರಿದ ಕಾಫಿ ಬೀನ್ಸ್, ಬೆಂಗಳೂರಿನ ಆಫೀಸು ಮತ್ತು ಕೆಫೆಗಳಿಗೆ’ ಅಂತ ನೇರವಾಗಿ ಬರೆಯಿರಿ. ನೀವು ಬೇರೆಯವರ ಪೋಸ್ಟಿಗೆ ಕಾಮೆಂಟ್ ಮಾಡಿದಾಗಲೂ ಆ ಸಾಲಿನ ಮೊದಲ ಭಾಗ ಹೆಸರಿನ ಜೊತೆ ಕಾಣುತ್ತದೆ. ದಿನಕ್ಕೆ ಹತ್ತು ನಿಮಿಷ ಆ ನೂರು ಜನರ ಪೋಸ್ಟ್ ಓದಿ, ಹೇಳುವುದು ಇದ್ದರೆ ಮಾತ್ರ ಹೇಳಿ. ನನ್ನ ಅನುಭವದಲ್ಲಿ ಸಣ್ಣ ಉದ್ದಿಮೆಯವರಿಗೆ ಸ್ವಂತ ಪೋಸ್ಟ್‌ಗಿಂತ ಈ ಕಾಮೆಂಟುಗಳಿಂದಲೇ ಜಾಸ್ತಿ ಪರಿಚಯ ಆಗಿದೆ.

ದಿನಾ ಪೋಸ್ಟ್ ಹಾಕಲೇಬೇಕು ಅನ್ನುವುದು ಸುಳ್ಳು. ವಾರಕ್ಕೆ ಒಂದೋ ಎರಡೋ ಸಾಕು. ಕುಯ್ಲಿನ ಸಮಯದಲ್ಲಿ ನಿಮಗೆ ಊಟಕ್ಕೆ ಪುರುಸೊತ್ತು ಇರುವುದಿಲ್ಲ, ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಕರೆಂಟ್ ಮೂರು ದಿನ ಬಾರದಿದ್ದರೂ ಆಶ್ಚರ್ಯವಿಲ್ಲ. ಆ ದಿನಗಳಲ್ಲಿ ಪೋಸ್ಟ್ ತಪ್ಪಿತು ಅಂತ ಎತ್ತರದ ಜಾಗ ಹುಡುಕಿ ಸಿಗ್ನಲ್‌ಗೆ ಒದ್ದಾಡಬೇಡಿ. ಮಳೆಗಾಲದಲ್ಲಿ ಕೂತು ಹತ್ತು ಹನ್ನೆರಡು ಬರೆದಿಟ್ಟುಕೊಳ್ಳಿ. ಹ್ಯಾಷ್‌ಟ್ಯಾಗ್, ‘ಮಂಗಳವಾರ ಬೆಳಗ್ಗೆ 9 ಗಂಟೆ’, ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಬ್ಬರ ಪೋಸ್ಟಿಗೆ ಇನ್ನೊಬ್ಬರು ಕಾಮೆಂಟ್ ಮಾಡಿಕೊಳ್ಳುವ ವಾಟ್ಸ್ಆಪ್ ಗುಂಪುಗಳಿಗೆ ಸೇರಲೇಬೇಡಿ. ನಿಮ್ಮ ಪೋಸ್ಟ್ ಇನ್ನಷ್ಟು ತಪ್ಪು ಕೇರಿಗೆ ಹೋಗುತ್ತದೆ, ಅಷ್ಟೇ.

ಈಗ ಏಜೆನ್ಸಿ ವಿಷಯ. 6 ತಿಂಗಳಿಗೆ 1,80,000 ರೂಪಾಯಿ. ಸುಮ್ನೆ ಅಲ್ಲ.

ಅವರು ಕೊಡುವ ‘ಲೀಡ್’ ಅಂದರೆ ಏನು ಅಂತ ಒಪ್ಪಂದದಲ್ಲಿ ಬರೆದಿದೆಯಾ ನೋಡಿ. ಹೆಸರು ಮತ್ತು ಫೋನ್ ನಂಬರ್ ಲೀಡ್ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಬ್ಬ ಗಿರಾಕಿಗಾಗಿ ಒಂದು ಏಜೆನ್ಸಿಗೆ ದುಡ್ಡು ಕೊಟ್ಟಿದ್ದೆ. 200 ಹೆಸರಿನ ಪಟ್ಟಿ ಬಂತು. ಕೂತು ಫೋನ್ ಮಾಡಿದೆ. ‘ಯಾರು ನೀವು, ನನ್ನ ನಂಬರ್ ಎಲ್ಲಿ ಸಿಕ್ಕಿತು’ ಅಂತ ಕೇಳಿದವರೇ ಜಾಸ್ತಿ. ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಯಿತು. ಅವರು ಗಿರಾಕಿಯ ಪಾಸ್‌ವರ್ಡ್ ತಗೊಂಡು, ತಾನಾಗಿ ಮೆಸೇಜ್ ಕಳಿಸುವ ತಂತ್ರಾಂಶ ಹಚ್ಚಿದ್ದರು. ಲಿಂಕ್ಡ್‌ಇನ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಖಾತೆಗೆ ತಡೆ ಬಿತ್ತು. ಹತ್ತು ವರ್ಷ ಕೂಡಿಸಿಕೊಂಡ ಪರಿಚಯಗಳನ್ನು ಆ ಮನುಷ್ಯ ವಾರಗಟ್ಟಲೆ ಮುಟ್ಟಲಾಗಲಿಲ್ಲ. ಆ ತಪ್ಪು ನನ್ನದೂ ಹೌದು, ಕೇಳಬೇಕಾದ್ದನ್ನು ಮೊದಲೇ ಕೇಳಲಿಲ್ಲ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಪಾಸ್‌ವರ್ಡ್ ಯಾರಿಗೂ ಕೊಡಬೇಡಿ.

ಒಳ್ಳೆಯ ಏಜೆನ್ಸಿಗಳೂ ಇವೆ. ಆದರೆ ಐದು ಗಿರಾಕಿ ಬೇಕಾದವರಿಗೆ ಅವರ ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಕಾಫಿ ಬಗ್ಗೆ ನಿಮ್ಮಷ್ಟು ಚೆನ್ನಾಗಿ ಮಾತಾಡುವವರು ಬೇರೆ ಯಾರಿದ್ದಾರೆ? ಆದರೂ ಒಪ್ಪಂದ ಮಾಡಲೇಬೇಕು ಅನ್ನಿಸಿದರೆ ಒಂದೇ ತಿಂಗಳಿಗೆ ಮಾಡಿ. ‘ನಮ್ಮ ಜೊತೆ ಫೋನಿನಲ್ಲಿ ಮಾತಾಡಲು ಒಪ್ಪಿದ, ತಿಂಗಳಿಗೆ ಕನಿಷ್ಠ 15 ಕೆಜಿ ಕೊಳ್ಳುವ ಸಂಸ್ಥೆ’ ಅಂತ ಲೀಡ್‌ನ ಅರ್ಥವನ್ನು ಅದರಲ್ಲಿ ಬರೆಸಿ. ಎಷ್ಟು ಏಜೆನ್ಸಿ ಆ ಸಾಲಿಗೆ ಸಹಿ ಹಾಕುತ್ತದೆ ನೋಡೋಣ. ಲಿಂಕ್ಡ್‌ಇನ್‌ನಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕುವ ದಾರಿಯೂ ಇದೆ. ನಿಮ್ಮ ಅಳತೆಯ ವ್ಯಾಪಾರಕ್ಕೆ ಅದು ಸದ್ಯಕ್ಕೆ ಬೇಡ.

ಏಜೆನ್ಸಿಗೆ ಕೊಡಬೇಕಾಗಿದ್ದ ದುಡ್ಡಿನಲ್ಲಿ ಒಂದು ತಿಂಗಳ 30,000 ರೂಪಾಯಿಯನ್ನು ಸ್ಯಾಂಪಲ್‌ಗೆ ಇಡಿ. ಆದರೆ ಕೇಳಿದವರಿಗೆಲ್ಲ ಕಳಿಸಬೇಡಿ. ಯಾವ ಮೆಷಿನ್, ದಿನಕ್ಕೆ ಎಷ್ಟು ಕಪ್, ಈಗ ಯಾರ ಕಾಫಿ, ನಿರ್ಧಾರ ಯಾರದ್ದು, ಇಷ್ಟಕ್ಕೆ ಉತ್ತರ ಕೊಟ್ಟವರಿಗೆ ಮಾತ್ರ ಒಂದು ಕೆಜಿ ಹೋಗಲಿ. ಸಾಧ್ಯವಾದರೆ ನೀವೇ ತಗೊಂಡು ಹೋಗಿ ಅವರ ಮೆಷಿನ್‌ನಲ್ಲಿ ಹಾಕಿ ಕುಡಿಸಿ. ತಿಂಗಳಿಗೆ ಒಂದು ಸಲ ಕುಶಾಲನಗರದಿಂದ ರಾತ್ರಿ ಬಸ್ಸು ಹತ್ತಿ, ಒಂದು ದಿನದಲ್ಲಿ ನಾಲ್ಕು ಆಫೀಸು ಮುಗಿಸಿಕೊಂಡು ಬರಬಹುದು.

ಮಾತು ಮುಂದುವರಿದರೆ ಅವರು ಕಾಗದ ಕೇಳುತ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ, ಜಿಎಸ್‌ಟಿ, ಬಿಲ್ಲು. ಇವು ಸಿದ್ಧ ಇಲ್ಲದೆ ದೊಡ್ಡ ಆಫೀಸಿನ ಬಾಗಿಲು ತಟ್ಟಬೇಡಿ. ‘ಕೂರ್ಗ್ ಅರೇಬಿಕಾ ಕಾಫಿ’ಗೆ 2019ರಲ್ಲಿ ಜಿಐ (ಇಂಥ ಪ್ರದೇಶದ್ದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ ನಿಜ. ಆದರೆ ಆ ಜಿಐ ಗುರುತನ್ನು ಪ್ಯಾಕೆಟ್ ಮೇಲೆ ಹಾಕಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಬೇಕು. ನಿಮ್ಮ ಒಂದು ಪೋಸ್ಟ್‌ನಲ್ಲಿ ಆ ಲೋಗೋ ನೋಡಿದೆ. ನೋಂದಣಿ ಆಗಿಲ್ಲದಿದ್ದರೆ ಇವತ್ತೇ ತೆಗೆಯಿರಿ.

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನೂ ಮಾಡಿಸಿ. ಅದು ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಕಾಗಿಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ವ್ಯಾಪಾರಿ ನಿಮ್ಮ ಗೇಟಿನಲ್ಲಿ ದುಡ್ಡು ಕೊಟ್ಟು ಹೋಗುತ್ತಾನೆ, ಆಫೀಸು ಹಾಗಲ್ಲ. 60 ದಿನ, 90 ದಿನ ಅನ್ನುತ್ತಾರೆ. ನೋಂದಾಯಿತ ಸಣ್ಣ ಉತ್ಪಾದಕರಿಗೆ 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ, ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಈ ಮಾತನ್ನು ಜಗಳಕ್ಕೆ ಇಟ್ಟುಕೊಳ್ಳಬೇಡಿ, ಮೊದಲ ಬಿಲ್ಲಿನಲ್ಲೇ ಉದ್ಯಮ್ ಸಂಖ್ಯೆ ಮುದ್ರಿಸಿಬಿಡಿ. ಅಕೌಂಟ್ಸ್‌ನವರಿಗೆ ಅರ್ಥವಾಗುತ್ತದೆ.

ಹೆಸರು ಓಡಾಡಲು ಶುರುವಾದ ಮೇಲೆ ಮೋಸದವರೂ ಬರುತ್ತಾರೆ. ವಿದೇಶದ ‘ಆಮದುದಾರರು’ ನೇರವಾಗಿ ಒಂದು ಕಂಟೇನರ್ ಬೇಕು ಅನ್ನುತ್ತಾರೆ. 20 ಅಡಿ ಕಂಟೇನರ್ ಅಂದರೆ 18–19 ಟನ್. ನಿಮ್ಮ ಪ್ರೊಫೈಲ್ ಓದಿದ ಯಾರೂ 12 ಎಕರೆಯವರ ಹತ್ತಿರ ಅಷ್ಟು ಕೇಳುವುದಿಲ್ಲ. ಆಮೇಲೆ ನೋಂದಣಿ ಶುಲ್ಕ, ಪ್ರಮಾಣಪತ್ರದ ಶುಲ್ಕ ಅಂತ ನಿಮ್ಮಿಂದಲೇ ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಕೊಟ್ಟುಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕನ್ನಡವಾ ಇಂಗ್ಲಿಷಾ ಅಂತ ಕೇಳಿದ್ದೀರಿ. ನಿಮ್ಮ ನೂರು ಜನರ ಪಟ್ಟಿ ನೋಡಿ ತೀರ್ಮಾನ ಮಾಡಿ. ಬೆಂಗಳೂರಿನ ಖರೀದಿ ವಿಭಾಗದಲ್ಲಿ ಮಲಯಾಳಿಗಳು, ತಮಿಳರು, ಉತ್ತರದವರು ಎಲ್ಲ ಇರುತ್ತಾರೆ, ಪೋಸ್ಟ್ ಇಂಗ್ಲಿಷ್‌ನಲ್ಲಿ ಇರಲಿ. ಆದರೆ ಫೆಸಿಲಿಟಿ, ಅಡ್ಮಿನ್ ಕೆಲಸದಲ್ಲಿ ಮಂಡ್ಯ, ಹಾಸನ, ಮೈಸೂರಿನ ಕಡೆಯವರು ತುಂಬ ಸಿಗುತ್ತಾರೆ. ಅವರಿಗೆ ಮೆಸೇಜ್ ಕನ್ನಡದಲ್ಲಿ ಮಾಡಿ. ‘ಸರ್, ನಾವು ಸುಂಟಿಕೊಪ್ಪದವರು’ ಅಂದರೆ ಮಾತಿಗೆ ಒಂದು ದಾರಿ ಆಗುತ್ತದೆ.

ಆ ಅಡ್ಮಿನ್ ಮ್ಯಾನೇಜರ್‌ಗೆ ಇವತ್ತೇ ಬರೆಯಿರಿ. ಕೆಲವು ತಿಂಗಳು ಆಗಿದ್ದರೂ ಪರವಾಗಿಲ್ಲ. ಬ್ರೋಷರ್ ಬೇಡ, ತೋಟದ ಇತಿಹಾಸ ಬೇಡ. ‘ಸರ್, ನಮ್ಮ ಬೀನ್ಸ್ ಮೆಷಿನ್‌ಗೆ ಆಗುತ್ತಾ ಅಂತ ನೀವು ಕೇಳಿದ್ದಿರಿ. ಸರಿಯಾಗಿ ಉತ್ತರ ಕೊಡದೆ ಇದ್ದದ್ದು ನನ್ನ ತಪ್ಪು, ಕ್ಷಮಿಸಿ. ಆಗುತ್ತದೆ. ಮೀಡಿಯಂ ರೋಸ್ಟ್, ಎಣ್ಣೆ ಬಿಡುವುದಿಲ್ಲ. ತಿಂಗಳಿಗೆ 35 ಕೆಜಿವರೆಗೆ ಕೊಡಬಲ್ಲೆ. ನಿಮ್ಮಲ್ಲಿರುವುದು ಯಾವ ಮೆಷಿನ್ ಅಂತ ತಿಳಿಸಿದರೆ ಒಂದು ಕೆಜಿ ಸ್ಯಾಂಪಲ್ ತರುತ್ತೇನೆ.’ ಇಷ್ಟು ಸಾಕು. ಅವರು ಬೇರೆ ಕಡೆ ತಗೊಂಡಿರಬಹುದು. ಹಾಗಿದ್ದರೆ ಒಪ್ಪಂದ ಯಾವಾಗ ಮುಗಿಯುತ್ತದೆ ಅಂತ ಕೇಳಿ, ಡೈರಿಯಲ್ಲಿ ಬರೆದುಕೊಳ್ಳಿ. ಎಷ್ಟೋ ಕಂಪನಿಗಳ ಹೊಸ ಲೆಕ್ಕ ಏಪ್ರಿಲ್‌ಗೆ ಶುರು. ನಿಮ್ಮ ಹೊಸ ಅರೇಬಿಕಾ ಕ್ಯೂರಿಂಗ್ (ಸಿಪ್ಪೆ ತೆಗೆದು ವಿಂಗಡಿಸುವುದು) ಆಗಿ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ನಿಮ್ಮ ಅಪ್ಪನ ಮಾತನ್ನೂ ತಳ್ಳಿಹಾಕಬೇಡಿ. ಅವರ ಕಾಲದಲ್ಲಿ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. ಪೂರ್ತಿ ಮುಕ್ತ ಮಾರಾಟ ಬಂದದ್ದೇ 1996ರಲ್ಲಿ. ಗಿರಾಕಿಯನ್ನು ಹುಡುಕಿಕೊಂಡು ಹೋಗುವ ಅಭ್ಯಾಸ ನಮ್ಮ ತೋಟಗಳಿಗೆ ಹೊಸದು, ಗೇಟಿಗೆ ಬರುವ ದುಡ್ಡಿನ ಧೈರ್ಯ ಹಳೆಯದು. ಅವರ ಜೊತೆ ವಾದ ಮಾಡುವ ಬದಲು ಒಂದು ಕೇಳಿ ನೋಡಿ. ಈ ವರ್ಷದ ಬೆಳೆಯಲ್ಲಿ ಕ್ಯೂರಿಂಗ್ ಆದ 10 ಚೀಲ ಮಾತ್ರ ನನಗೆ ಬಿಡಿ, ಉಳಿದದ್ದು ಎಂದಿನ ಹಾಗೆ ವ್ಯಾಪಾರಿಗೆ ಹೋಗಲಿ ಅಂತ. 50 ಕೆಜಿಯ 10 ಚೀಲ ಹುರಿದರೆ 420 ಕೆಜಿ. ಒಂದು ಆಫೀಸಿಗೆ ಒಂದು ವರ್ಷಕ್ಕೆ ಸರಿಯಾಗಿ ಆಗುತ್ತದೆ.